ದೇಣಿಗೆ ಎತ್ತುವುದೂ ಒಂದು ಉದ್ಯೋಗ: ತೊಂಡೇಬಾವಿಯಿಂದ ಹೊರಡುವವರಿಗೆ

ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಶಾಲೆಗಳ ಗೋಡೆಯ ಮೇಲೆ ಈಗ ಫಲಕಗಳು ಹೆಚ್ಚಾಗಿವೆ. ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ ಶೌಚಾಲಯ, ಒಂದು ಟ್ರಸ್ಟಿನಿಂದ ಕಂಪ್ಯೂಟರ್ ಕೊಠಡಿ, ಯಾರದೋ ನೆನಪಿಗೆ ಕುಡಿಯುವ ನೀರಿನ ಘಟಕ. ಫಲಕದಲ್ಲಿ ಕೊಟ್ಟವರ ಹೆಸರಿರುತ್ತದೆ, ಉದ್ಘಾಟಿಸಿದವರ ಹೆಸರಿರುತ್ತದೆ. ಆ ಹಣಕ್ಕಾಗಿ ಅರ್ಜಿ ಬರೆದವರು, ಬಜೆಟ್ ಹಾಕಿದವರು, ಕಂಪನಿಯವರನ್ನು ಊರಿಗೆ ಕರೆತಂದು ಶಾಲೆ ತೋರಿಸಿದವರು, ಕೆಲಸ ಮುಗಿದ ಮೇಲೆ ಬಿಲ್ಲು ಜೋಡಿಸಿ ಲೆಕ್ಕ ಒಪ್ಪಿಸಿದವರು ಯಾರೆಂದು ಬರೆದಿರುವುದಿಲ್ಲ. ಅವರು ಮಾಡಿದ್ದು ಸಂಬಳ, ಬಡ್ತಿ, ಪಿಎಫ್ ಎಲ್ಲ ಇರುವ ಉದ್ಯೋಗ. ಅದಕ್ಕೆ ಕಲಿಯಬೇಕಾದ ಕಸುಬಿದೆ. ಇಂಗ್ಲಿಷಿನಲ್ಲಿ ಇದನ್ನು ಫಂಡ್‌ರೈಸಿಂಗ್ ಮತ್ತು ಕಮ್ಯುನಿಕೇಷನ್ಸ್ ಎನ್ನುತ್ತಾರೆ. ಸಂಸ್ಥೆಗಳ ಒಳಗೆ ಕನ್ನಡದಲ್ಲಿ ಮಾತಾಡುವವರೂ ಅದನ್ನೇ ಹೇಳುತ್ತಾರೆ.

ತೊಂಡೇಬಾವಿ ಗೌರಿಬಿದನೂರು ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ದೊಡ್ಡಬಳ್ಳಾಪುರ, ಮಾಕಳಿದುರ್ಗ ದಾಟಿ ಇಲ್ಲಿ ನಿಲ್ಲುತ್ತದೆ. ಎಸಿಸಿ ಸಿಮೆಂಟಿನ ಘಟಕ ಇಲ್ಲಿದೆ. ಇಲ್ಲಿ ಬಿ.ಎ., ಬಿ.ಕಾಂ. ಮುಗಿಸಿದವರ ಮುಂದೆ ಇರುವ ದಾರಿಗಳು ಗೊತ್ತಿರುವಂಥವೇ: ದೊಡ್ಡಬಳ್ಳಾಪುರದ ಗಾರ್ಮೆಂಟ್ಸು, ಕುಡುಮಲಕುಂಟೆ ಕೈಗಾರಿಕಾ ಪ್ರದೇಶ, ಬೆಂಗಳೂರಿನ ಕಾಲ್ ಸೆಂಟರು, ಬಿ.ಇಡಿ. ಮಾಡಿ ನೇಮಕಾತಿಗಾಗಿ ಕಾಯುವುದು, ಇಲ್ಲವೇ ಕೆಎಎಸ್ ಕೋಚಿಂಗು. ದೇಣಿಗೆ ಕ್ಷೇತ್ರದ ಹೆಸರನ್ನು ಕಾಲೇಜಿನಲ್ಲಿ ಯಾರೂ ಎತ್ತುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಸಂಸ್ಥೆಗಳಿಗೆ ಅತ್ಯಗತ್ಯವಾಗಿ ಬೇಕಾದವರು ಇಲ್ಲಿಯವರೇ. ಕನ್ನಡ, ತೆಲುಗು ಎರಡೂ ಬಾಯಲ್ಲಿರುವವರು, ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್ಲಿನ ಸಾಲ ಎಂದರೇನೆಂದು ತಿಳಿದವರು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಟು ಬಿದ್ದ ದಿನ ಮನೆಯಲ್ಲಿ ಏನಾಗುತ್ತದೆಂದು ಕಂಡವರು. ಕೊಡುವವರ ಮುಂದೆ ನಿಂತು ವಿಷಯ ಹೇಳುವಾಗ ಈ ತಿಳಿವಳಿಕೆಗೆ ಬೆಲೆಯಿದೆ. ಅದನ್ನು ಕೋರ್ಸಿನಲ್ಲಿ ಕಲಿಸಲಾಗದು. ಉಳಿದದ್ದನ್ನು ಕಲಿಯಬಹುದು.

ಕೈಯೊಡ್ಡುವ ಕೆಲಸ ಎನ್ನುವವರಿಗೆ

ಮನೆಯಲ್ಲಿ ಬರುವ ಮೊದಲ ಮಾತು ಇದೇ: "ಓದಿಸಿದ್ದು ಚಂದಾ ಎತ್ತೋಕಾ?" ಈ ಮಾತಿಗೆ ಉತ್ತರ ಊರಲ್ಲೇ ಇದೆ. ಜಾತ್ರೆಗೋ ಪೌರಾಣಿಕ ನಾಟಕಕ್ಕೋ ಚಂದಾ ಪುಸ್ತಕ ಹಿಡಿದು ಹೊರಡುವುದು ಯಾರು? ಊರು ನಂಬುವ ನಾಲ್ಕು ಜನ. ಎಲ್ಲರ ಕೈಗೂ ಆ ಪುಸ್ತಕ ಕೊಡುವುದಿಲ್ಲ. ಯಾವ ಮನೆಯಿಂದ ಎಷ್ಟು ಬರಬಹುದು, ಯಾರನ್ನು ಮೊದಲು ಕೇಳಿದರೆ ಉಳಿದವರು ಹಿಂದೆಯೇ ಬರೆಸುತ್ತಾರೆ, ಯಾರ ಮನೆಯಲ್ಲಿ ಈ ವರ್ಷ ಕೇಳಬಾರದು, ಎಲ್ಲ ಅವರಿಗೆ ಗೊತ್ತು. ರಾತ್ರಿ ಮೈಕಿನಲ್ಲಿ "ಇಂಥವರಿಂದ ಐನೂರ ಒಂದು ರೂಪಾಯಿ" ಎಂದು ಕೂಗುತ್ತಾರೆ. ಹಬ್ಬ ಮುಗಿದ ಮೇಲೆ ಗುಡಿಯ ಮುಂದೆ ಖರ್ಚಿನ ಲೆಕ್ಕ ಓದುತ್ತಾರೆ. ಲೆಕ್ಕ ಓದದ ವರ್ಷದ ಮರುವರ್ಷ ಚಂದಾ ಹುಟ್ಟುವುದಿಲ್ಲ. ದೊಡ್ಡ ಸಂಸ್ಥೆಗಳ ದೇಣಿಗೆ ವಿಭಾಗ ಮಾಡುವುದು ಇದನ್ನೇ, ಕಾಗದಪತ್ರ ಹೆಚ್ಚು, ದೂರ ಹೆಚ್ಚು ಅಷ್ಟೆ.

ನಮ್ಮ ಜಿಲ್ಲೆಗೆ ಇದರಲ್ಲಿ ಹಳೆಯ ನಂಟಿದೆ. 1927ರಲ್ಲಿ ಗಾಂಧೀಜಿ ಖಾದಿ ನಿಧಿಗೆ ಹಣ ಕೂಡಿಸುವ ಪ್ರವಾಸದಲ್ಲಿದ್ದಾಗ ಆರೋಗ್ಯ ಕೆಟ್ಟು, ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು. ಚೇತರಿಸಿಕೊಂಡು ಬೆಂಗಳೂರಿಗಿಳಿದ ಮೇಲೆ ಮೈಸೂರು ಸಂಸ್ಥಾನದಲ್ಲಿ ಮತ್ತೆ ಖಾದಿ ನಿಧಿ ಸಂಗ್ರಹಕ್ಕೆ ಹೊರಟರು. ಸಭೆಯಲ್ಲಿ ಬಂದ ಮಾನಪತ್ರ, ಒಡವೆಗಳನ್ನು ಅಲ್ಲೇ ಹರಾಜು ಹಾಕಿ ನಿಧಿಗೆ ಸೇರಿಸುವುದು ಅವರ ರೂಢಿ. ಬಂದ ಹಣದ ವಿವರವನ್ನು ತಮ್ಮ ಪತ್ರಿಕೆಗಳಲ್ಲಿ ಅಚ್ಚು ಹಾಕಿಸುತ್ತಿದ್ದರು. ಕೇಳಲು ನಾಚಿಕೆಯಿರಲಿಲ್ಲ, ಲೆಕ್ಕ ಕೊಡಲು ಆಲಸ್ಯವಿರಲಿಲ್ಲ.

ಇನ್ನೂ ಹತ್ತಿರದವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಓದಿಗಾಗಿ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದವರು. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಕೆಲಸ ಮಾಡಿದರೂ ಬದುಕಿನ ಬಹುಪಾಲು ವಾಸ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜುಗಳು ಬಂದದ್ದು ಅವರ ಆಸ್ಥೆಯಿಂದ. ನರಸಿಂಹಯ್ಯನವರಂಥವರು ಸಂಸ್ಥೆಗಾಗಿ ಕೇಳಿದಾಗ ಆ ಹಣ ಎಲ್ಲಿಗೆ ಹೋಗುತ್ತದೆಂಬ ಅನುಮಾನಕ್ಕೆ ಜಾಗವಿರಲಿಲ್ಲ. ಅವರ ಬದುಕು ಎಲ್ಲರ ಕಣ್ಣೆದುರಿಗಿತ್ತು. ಇವತ್ತಿನ ಸಂಸ್ಥೆಗಳಲ್ಲಿ ಅಂಥ ವ್ಯಕ್ತಿ ಅಪರೂಪ. ಆದ್ದರಿಂದಲೇ ಆಡಿಟ್ ವರದಿ, ಬಳಕೆ ಪ್ರಮಾಣಪತ್ರ, ಫೋಟೋ, ಭೇಟಿ ಇವುಗಳ ಮೂಲಕ ನಂಬಿಕೆ ಕಟ್ಟಬೇಕು. ದೇಣಿಗೆ ವಿಭಾಗದವರ ದಿನದ ಹೆಚ್ಚು ಹೊತ್ತು ಹೋಗುವುದು ಕೇಳುವುದರಲ್ಲಲ್ಲ, ಇದರಲ್ಲೇ.

ಹಣ ಎಲ್ಲೆಲ್ಲಿಂದ ಬರುತ್ತದೆ

ಮೂಲ ಯಾವುದೆಂಬುದರ ಮೇಲೆ ಕೆಲಸದ ಸ್ವರೂಪ ಬದಲಾಗುತ್ತದೆ. ತೊಂಡೇಬಾವಿಯವರಿಗೆ ಕಣ್ಣೆದುರು ಕಾಣುವುದು ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡಬೇಕು. ಸರಾಸರಿ ಲಾಭ 100 ಕೋಟಿ ಇದ್ದರೆ 2 ಕೋಟಿ. ಅದೇ ಕಲಂನಲ್ಲಿ ಇನ್ನೊಂದು ಮಾತಿದೆ: ಕಂಪನಿ ತಾನು ಕೆಲಸ ಮಾಡುವ ಪ್ರದೇಶಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಕಾರ್ಖಾನೆಯ ಪಕ್ಕದ ಹಳ್ಳಿಯವರು ಅರ್ಜಿ ಹಾಕುವಾಗ ಈ ಮಾತನ್ನು ನೆನಪಿಡಬೇಕು. ಎಸಿಸಿ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. ಒಡೆತನ ಬದಲಾದಾಗ ಸಿಎಸ್‌ಆರ್ ನೋಡಿಕೊಳ್ಳುವ ಕೈಗಳು, ಆದ್ಯತೆಗಳು ಬದಲಾಗಬಹುದು. ಸ್ಥಳೀಯ ಸಂಸ್ಥೆಯಲ್ಲಿ ಕೆಲಸ ಮಾಡುವವರು ಇಂಥ ಸುದ್ದಿಯನ್ನು ವ್ಯಾಪಾರ ಪುಟದಲ್ಲಿ ಓದಿ, ಮುಂದಿನ ಅರ್ಜಿ ಯಾರ ಮೇಜಿಗೆ ಹೋಗಬೇಕೆಂದು ವಿಚಾರಿಸಿಕೊಳ್ಳಬೇಕು.

ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿ ಸಂಖ್ಯೆ ಪಡೆದಿರಬೇಕು. ಆದಾಯ ತೆರಿಗೆಯ 12ಎಬಿ, 80ಜಿ ನೋಂದಣಿ ಇರಬೇಕು. ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು. ನೀತಿ ಆಯೋಗದ ದರ್ಪಣ್ ಪೋರ್ಟಲಿನ ಸಂಖ್ಯೆಯನ್ನೂ ಕೇಳುತ್ತಾರೆ. ನಿನ್ನೆ ಟ್ರಸ್ಟ್ ಮಾಡಿ ನಾಳೆ ಸಿಎಸ್‌ಆರ್ ತರುತ್ತೇನೆ ಎನ್ನುವವರ ಜೊತೆ ಕೆಲಸಕ್ಕೆ ಸೇರಬೇಡಿ.

ಎರಡನೆಯದು ಸಾಮಾನ್ಯ ಜನರ ಕೊಡುಗೆ. ಬೆಂಗಳೂರಿನಲ್ಲಿ 2000ನೇ ಇಸವಿಯಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರಿಂದ ಶುರುವಾದ ಅಕ್ಷಯ ಪಾತ್ರ ಇವತ್ತು ದೇಶದಾದ್ಯಂತ ಹರಡಿದೆ. ಸರ್ಕಾರದ ಧಾನ್ಯ, ಅನುದಾನದ ಜೊತೆಗೆ ಜನರ ದೇಣಿಗೆಯೂ ಅದಕ್ಕೆ ಆಧಾರ. ಅವರು ಕೇಳುವ ರೀತಿ ಗಮನಿಸಿ: ಒಂದು ಮಗುವಿನ ಒಂದು ವರ್ಷದ ಊಟಕ್ಕೆ ಇಷ್ಟು. ಕೊಡುವವರ ತಲೆಯಲ್ಲಿ ಮೊತ್ತ ಒಂದು ಮಗುವಿನ ಲೆಕ್ಕವಾಗಿ ಕೂರುತ್ತದೆ. ಈ 'ಒಂದಕ್ಕೆ ಎಷ್ಟು' ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕುವುದು ಈ ವೃತ್ತಿಯ ಮೊದಲ ಪಾಠ. ನಮ್ಮ ಜಿಲ್ಲೆಯಲ್ಲೇ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದ ಶಾಲೆ, ಆಸ್ಪತ್ರೆಗಳು ದಾನಿಗಳ ಬಲದಿಂದ ಉಚಿತವಾಗಿ ನಡೆಯುತ್ತಿವೆ. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಮಿಲಾಪ್‌ನಂಥ ಜಾಲತಾಣಗಳು ಚಿಕಿತ್ಸೆ, ಶಿಕ್ಷಣಕ್ಕೆ ಜನರಿಂದ ಹಣ ಕೂಡಿಸಿಕೊಡುತ್ತವೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ 10ಕೆ ಓಟದಲ್ಲಿ ಓಡುವವರು ತಮಗೆ ಬೇಕಾದ ಸಂಸ್ಥೆಗಾಗಿ ಸ್ನೇಹಿತರಿಂದ ಹಣ ಕೂಡಿಸುತ್ತಾರೆ. ಇವೆಲ್ಲದರ ಹಿಂದೆ ಸಂಬಳಕ್ಕೆ ಕೆಲಸ ಮಾಡುವ ತಂಡಗಳಿವೆ.

ಮೂರನೆಯದು ಪ್ರತಿಷ್ಠಾನಗಳು. ಅಜೀಂ ಪ್ರೇಮ್‌ಜಿ, ಇನ್ಫೋಸಿಸ್‌ನಂಥ ದೊಡ್ಡ ಪ್ರತಿಷ್ಠಾನಗಳ ನೆಲೆ ಬೆಂಗಳೂರೇ. ಇಲ್ಲಿ ಬೇಕಾದದ್ದು ಉದ್ದದ ಬರವಣಿಗೆ, ಹಲವು ವರ್ಷಗಳ ಯೋಜನೆ, ಅಂಕಿಅಂಶದ ಶಿಸ್ತು. ಹೊಸದಾಗಿ ಬಂದಿರುವುದು ಲಾಭರಹಿತ ಸಂಸ್ಥೆಗಳು ಹಣ ಎತ್ತಬಹುದಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್. 2023ರ ಡಿಸೆಂಬರ್‌ನಲ್ಲಿ ಅದರ ಮೂಲಕ ಮೊದಲು ಹಣ ಎತ್ತಿದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್, 1.8 ಕೋಟಿ ರೂಪಾಯಿ.

ಬಾಗೇಪಲ್ಲಿಯ ಪಾಠ

ಹಣದ ಇನ್ನೊಂದು ಮೂಲವಾದ ವಿದೇಶಿ ನೆರವಿನ ಬಗ್ಗೆ ತಿಳಿಯಬೇಕಾದರೆ ದೂರ ಹೋಗಬೇಕಿಲ್ಲ. ಬಾಗೇಪಲ್ಲಿ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ, 1970ರ ದಶಕದ ಕೊನೆಯಲ್ಲಿ ಅಡಾಟ್ಸ್ ಎಂಬ ಸಂಸ್ಥೆ ಅಲ್ಲಿ ಕೆಲಸ ಶುರು ಮಾಡಿತು. ಭೂಹೀನರು, ಸಣ್ಣ ಹಿಡುವಳಿದಾರರು ಸೇರಿ ಕೂಲಿ ಸಂಘ ಕಟ್ಟಿಕೊಂಡರು. ನೆರೆಯ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗುಡಿಬಂಡೆಯ ಹಳ್ಳಿಗಳಿಗೂ ಅದು ಹಬ್ಬಿತು. ನೆದರ್‌ಲೆಂಡ್ಸಿನ ಇಕ್ಕೋ ಸಂಸ್ಥೆಯ ನೆರವು ದೀರ್ಘಕಾಲ ಬಂತು. ಗಮನಿಸಬೇಕಾದದ್ದು, ಹೊರಗಿನ ಹಣದ ಜೊತೆಗೆ ಸದಸ್ಯ ಕುಟುಂಬಗಳೂ ತಮ್ಮ ವರಮಾನದ ಒಂದು ಸಣ್ಣ ಪಾಲನ್ನು ಸಂಘಕ್ಕೆ ತೆರಿಗೆಯಾಗಿ ಕಟ್ಟುತ್ತಿದ್ದವು. ಕೂಲಿಯವರು ತಾವೇ ದಾನಿಗಳಾಗಿದ್ದರು.

ಆಮೇಲೆ ಅವರು ಹಿಡಿದ ದಾರಿ ಇನ್ನೂ ಕುತೂಹಲದ್ದು. 5,500 ಮನೆಗಳಿಗೆ ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆಯನ್ನು ವಿಶ್ವಸಂಸ್ಥೆಯ ಸಿಡಿಎಂ (ಶುದ್ಧ ಅಭಿವೃದ್ಧಿ) ವ್ಯವಸ್ಥೆಯಲ್ಲಿ 2005ರಲ್ಲಿ ನೋಂದಾಯಿಸಿದರು. ಸೌದೆ, ಸೀಮೆಎಣ್ಣೆ ಉರಿಸದೆ ಉಳಿಸಿದ ಹೊಗೆಗೆ ಕಾರ್ಬನ್ ಕ್ರೆಡಿಟ್. ಆ ಕ್ರೆಡಿಟ್ ಮಾರಿ ಬಂದ ಹಣದಲ್ಲಿ ಘಟಕ. ದಯೆಗಾಗಿ ಕೇಳುವ ಬದಲು ಅಳೆದು ತೋರಿಸಬಹುದಾದ ಒಂದು ವಸ್ತುವನ್ನು ಅವರು ಮಾರುಕಟ್ಟೆಯ ಮುಂದಿಟ್ಟರು. ಇಂಥ ಯೋಜನೆಯಲ್ಲಿ ಯಾವ ಮನೆಯ ಒಲೆ ಉರಿಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬ ದಾಖಲೆ ಇಲ್ಲದಿದ್ದರೆ ಹಣವಿಲ್ಲ. ಮನೆಮನೆಗೆ ಹೋಗಿ ಅದನ್ನು ಬರೆದುಕೊಳ್ಳುವ ಹುಡುಗ ಹುಡುಗಿಯರೇ ಅದರ ಜೀವಾಳ. ಫೀಲ್ಡಿನಲ್ಲಿ ನೋಟ್‌ಬುಕ್ ಹಿಡಿದ ಆ ಕೆಲಸವೂ ಫಂಡ್‌ರೈಸಿಂಗೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿಂದ ಶುರು ಮಾಡಿದವರು ಮುಂದೆ ಬರೆಯುವ ಅರ್ಜಿಗೆ ಇರುವ ಬಿಗಿ ಎಸಿ ಕೋಣೆಯಲ್ಲಿ ಕಲಿತವರ ಅರ್ಜಿಗೆ ಬರುವುದಿಲ್ಲ.

ವಿದೇಶಿ ಹಣದ ಕಾನೂನು ಈಗ ಬಹಳ ಬಿಗಿಯಾಗಿದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ಮುಖ್ಯ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಒಂದು ಸಂಸ್ಥೆ ಅದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಊರಿನ ಶಾಲೆಯ ಹಳೆ ವಿದ್ಯಾರ್ಥಿ ಅಮೆರಿಕದಲ್ಲಿದ್ದಾನೆ, ಒಂದು ಲಕ್ಷ ಕಳಿಸುತ್ತಾನೆ ಎಂದಾಗ ಇದು ನಿಮ್ಮ ಮುಂದೆ ಬರುತ್ತದೆ. ಅವನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ಪಡೆದು ಓಸಿಐ ಕಾರ್ಡ್ ಇಟ್ಟುಕೊಂಡಿದ್ದರೆ, ಹುಟ್ಟಿದ್ದು ತೊಂಡೇಬಾವಿಯಲ್ಲೇ ಆದರೂ ಅದು ವಿದೇಶಿ ದೇಣಿಗೆ. ಹಣ ಬರುವ ಮೊದಲೇ ಪಾಸ್‌ಪೋರ್ಟ್ ಪ್ರತಿ ತರಿಸಿ ಫೈಲಿಗೆ ಹಾಕಿ. ಎಷ್ಟೇ ಆತ್ಮೀಯನಾದರೂ ಸಂಕೋಚ ಬೇಡ.

ಒಂದು ಅರ್ಜಿ ಹುಟ್ಟುವ ಬಗೆ

ಕಸುಬಿನ ತಿರುಳು ಪ್ರಪೋಸಲ್ ಬರೆಯುವುದರಲ್ಲಿದೆ. ಉದಾಹರಣೆಗೆ ನಮ್ಮ ಕಡೆಯ ನೀರನ್ನೇ ತೆಗೆದುಕೊಳ್ಳೋಣ. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುವುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ಶಾಲೆಗೆ ಶುದ್ಧ ನೀರಿನ ಘಟಕ ಬೇಕು. ಸಾಮಾನ್ಯವಾಗಿ ಬರೆಯುವ ಪತ್ರ ಹೀಗಿರುತ್ತದೆ: "ನಮ್ಮ ಗ್ರಾಮದ ಬಡ ಮಕ್ಕಳು ವಿಷದ ನೀರು ಕುಡಿದು ನರಳುತ್ತಿದ್ದಾರೆ. ತಾವು ದೊಡ್ಡ ಮನಸ್ಸು ಮಾಡಿ ನೆರವಾಗಬೇಕೆಂದು ಕೈಮುಗಿದು ಬೇಡುತ್ತೇವೆ." ಇದನ್ನು ಓದಿದ ಸಿಎಸ್‌ಆರ್ ಅಧಿಕಾರಿಗೆ ಮರುಕ ಬರಬಹುದು, ಆದರೆ ಕಮಿಟಿಯ ಮುಂದೆ ಇಡಲು ಅವರ ಕೈಯಲ್ಲಿ ಏನೂ ಇಲ್ಲ.

ಅದೇ ವಿಷಯವನ್ನು ಕಸುಬುದಾರರು ಬೇರೆ ಕಡೆಯಿಂದ ಹಿಡಿಯುತ್ತಾರೆ. ಮೊದಲು ನೀರಿನ ಪರೀಕ್ಷೆ ಮಾಡಿಸುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಮ್ಮ ಶಾಲೆಯ ನೀರಿನಲ್ಲಿ ಎಷ್ಟಿದೆ, ಯಾವ ಪ್ರಯೋಗಾಲಯ, ಯಾವ ತಾರೀಖು, ಎಲ್ಲ ಅರ್ಜಿಯಲ್ಲಿರಬೇಕು. ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ದಿನಕ್ಕೆ ಎಷ್ಟು ಲೀಟರ್ ಬೇಕು. ಊರಲ್ಲಿ ಈಗಾಗಲೇ ಪಂಚಾಯಿತಿಯ ಘಟಕವಿದೆಯೇ, ಇದ್ದರೆ ಯಾಕೆ ಸಾಲದು. ಈ ಕೊನೆಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲೇಬಾರದು. ಕೆಟ್ಟು ನಿಂತ ನೀರಿನ ಘಟಕಗಳನ್ನು ಕಂಪನಿಯವರೂ ನೋಡಿರುತ್ತಾರೆ. ಅವು ಕೆಡುವುದು ಯಂತ್ರದ ದೋಷದಿಂದಲೇ ಅಲ್ಲ. ಮೆಂಬ್ರೇನ್ ಬದಲಿಸಲು, ಕರೆಂಟ್ ಬಿಲ್ ಕಟ್ಟಲು, ನೋಡಿಕೊಳ್ಳುವವರಿಗೆ ಕೊಡಲು ಯಾರೂ ಹಣ ಇಟ್ಟಿರುವುದಿಲ್ಲ. ಹಾಗಾಗಿ ಒಳ್ಳೆಯ ಬಜೆಟ್ಟಿನಲ್ಲಿ ಯಂತ್ರದ ಬೆಲೆಯ ಪಕ್ಕದಲ್ಲೇ ಐದು ವರ್ಷದ ನಿರ್ವಹಣೆಯ ಸಾಲು ಇರುತ್ತದೆ. ಶೋಧಿಸಿ ಉಳಿದ ನೀರು ಎಲ್ಲಿಗೆ ಹೋಗುತ್ತದೆ, ಜವಾಬ್ದಾರಿ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯದೋ ಪಂಚಾಯಿತಿಯದೋ, ಠರಾವು ಆಗಿದೆಯೇ ಎಂಬುದೂ ಇರುತ್ತದೆ.

ಆಮೇಲೆ ಕೇಳುವ ಸಾಲು ಸರಳವಾಗಿ ಬರುತ್ತದೆ: "ಒಂದು ಮಗುವಿಗೆ ಐದು ವರ್ಷ ಶುದ್ಧ ನೀರಿಗೆ ತಗಲುವ ಖರ್ಚು ಇಷ್ಟು. ಇದರಲ್ಲಿ ಪಂಚಾಯಿತಿ ಜಾಗ ಮತ್ತು ವಿದ್ಯುತ್ ಕೊಡುತ್ತದೆ, ಹಳೆ ವಿದ್ಯಾರ್ಥಿಗಳು ಇಷ್ಟು ಕೂಡಿಸಿದ್ದಾರೆ. ಉಳಿದ ಇಷ್ಟನ್ನು ತಮ್ಮ ಕಂಪನಿಯಿಂದ ಕೇಳುತ್ತಿದ್ದೇವೆ. ಆರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆಯ ವರದಿ ಕಳಿಸುತ್ತೇವೆ." ಕಣ್ಣೀರಿನ ಒಂದು ಪದವೂ ಇಲ್ಲ. ಊರು ತನ್ನ ಪಾಲು ಹಾಕಿ ನಿಂತಿದೆ ಎಂಬುದು ಕಾಣುತ್ತದೆ.

ಇಂಗ್ಲಿಷ್ ಬಾರದು ಎಂದು ಹೆದರುವವರಿಗೆ ಒಂದು ಮಾತು. ಇದನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಲೆಕ್ಕ ಮತ್ತು ತರ್ಕ ಕನ್ನಡದಲ್ಲಿ ನಿಂತರೆ ಇಂಗ್ಲಿಷಿಗೆ ತರುವುದು ಕಷ್ಟವಲ್ಲ. ಎರಡು ವರ್ಷ ದಿನವೂ ಓದಿ ಬರೆದರೆ ಕೆಲಸಕ್ಕೆ ಸಾಕಾಗುವಷ್ಟು ಬರುತ್ತದೆ. ಆದರೆ ಎಕ್ಸೆಲ್ ಬಾರದು ಎಂದರೆ ನಡೆಯುವುದಿಲ್ಲ. ಬಜೆಟ್ ಹಾಳೆ, ದಾನಿಗಳ ಪಟ್ಟಿ, ಯಾರು ಯಾವಾಗ ಎಷ್ಟು ಕೊಟ್ಟರು, ಯಾರಿಗೆ ಧನ್ಯವಾದ ಹೇಳಿಲ್ಲ, ಎಲ್ಲ ಅದರಲ್ಲೇ ಇರುತ್ತದೆ.

ಕಥೆ ಹೇಳುವವರ ಹೊಣೆ

ಕಮ್ಯುನಿಕೇಷನ್ಸ್ ವಿಭಾಗದವರು ವಾರ್ಷಿಕ ವರದಿ, ಫೋಟೋ, ವಿಡಿಯೊ, ದಾನಿಗಳಿಗೆ ಪತ್ರ, ಪತ್ರಿಕೆಗಳಿಗೆ ಸುದ್ದಿ, ವಾಟ್ಸಾಪ್ ಸಂದೇಶ ಇವನ್ನೆಲ್ಲ ನೋಡಿಕೊಳ್ಳುತ್ತಾರೆ. ಪತ್ರಿಕೋದ್ಯಮ ಓದಿದವರಿಗೆ, ಕನ್ನಡ ಎಂ.ಎ. ಮಾಡಿದವರಿಗೆ ಇಲ್ಲಿ ಒಳ್ಳೆಯ ಜಾಗವಿದೆ. ಕೊಡುವವರ ಮನಸ್ಸು ಕರಗಲೆಂದು ಪಡೆಯುವವರನ್ನು ಬಡಪಾಯಿಗಳಂತೆ ತೋರಿಸುವುದು ಈ ಕೆಲಸದ ದೊಡ್ಡ ಆಮಿಷ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆ ಮಾಡುವ ಹೆಂಗಸಿನ ಕೈ ಬಿಸಿನೀರಿನಲ್ಲಿ ನೆನೆದು ಸುಕ್ಕಾಗಿರುತ್ತದೆ. ಆ ಕೈಯ ಫೋಟೋ ಒಂದನ್ನೇ ಹಾಕಿದರೆ ಅಯ್ಯೋ ಅನ್ನಿಸುತ್ತದೆ. ನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಹೆಕ್ಕುವ ಅವಳ ಚಳಕವನ್ನೂ ಹೇಳಿದರೆ ಓದುವವರಿಗೆ ಅವಳ ಮೇಲೆ ಗೌರವ ಬರುತ್ತದೆ. ಗೌರವದಿಂದ ಕೊಟ್ಟವರು ಮತ್ತೆ ಕೊಡುತ್ತಾರೆ ಎಂಬುದು ನನ್ನ ನಂಬಿಕೆ.

ಒಪ್ಪಿಗೆ ಕೇಳುವುದಕ್ಕೂ ಒಂದು ರೀತಿಯಿದೆ. ಇಂಗ್ಲಿಷ್ ಫಾರಂ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. "ಅಕ್ಕಾ, ಈ ಫೋಟೋನ ಫೇಸ್‌ಬುಕ್‌ನಲ್ಲಿ ಹಾಕ್ತೀವಿ. ನಿಮ್ಮೂರೋರು, ನಿಮ್ಮ ಬೀಗರು ಎಲ್ಲಾ ನೋಡ್ಬೋದು. ಹಾಕ್ಲಾ, ಬೇಡ್ವಾ? ಬೇಡ ಅಂದ್ರೂ ನಿಮಗೆ ಬರೋ ಸಹಾಯ ನಿಲ್ಲಲ್ಲ" ಎಂದು ಅವರ ಮಾತಿನಲ್ಲೇ, ಬೇಕಾದರೆ ತೆಲುಗಿನಲ್ಲಿ ಹೇಳಬೇಕು. ಕೊನೆಯ ವಾಕ್ಯವನ್ನು ಹೇಳದಿದ್ದರೆ ಅವರು ಬೇಡ ಎನ್ನುವುದೇ ಇಲ್ಲ. ಮಕ್ಕಳ ವಿಷಯದಲ್ಲಿ ಕಾನೂನೇ ಇದೆ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಪಾಲನೆ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸಿ ಗುರುತು ಬಯಲು ಮಾಡುವುದು ಅಪರಾಧ. ದಾನಿ ಎಷ್ಟೇ ದೊಡ್ಡವರಾಗಲಿ, ಮಗುವಿನ ಕೈಗೆ ಚೆಕ್ಕಿನ ಬೋರ್ಡು ಹಿಡಿಸಿ ಫೋಟೋ ಬೇಕು ಎಂದರೆ ಆಗದು ಎನ್ನಲು ಕಲಿಯಬೇಕು. ನಿಮ್ಮ ಸಂಸ್ಥೆಯ ಮುಖ್ಯಸ್ಥರು ನಿಮ್ಮ ಬೆನ್ನಿಗೆ ನಿಲ್ಲುತ್ತಾರೆಯೇ ಎಂಬುದು ಆಗ ಗೊತ್ತಾಗುತ್ತದೆ.

ಇನ್ನು ರಸೀದಿ. 80ಜಿ ಇರುವ ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಯ ಅರ್ಧ ಭಾಗಕ್ಕೆ, ಒಂದು ಮಿತಿಯೊಳಗೆ, ತೆರಿಗೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗೂ ಸಿಗದು. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ. ವರ್ಷ ಮುಗಿದ ಮೇಲೆ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಪ್ರತಿ ದಾನಿಗೂ 10ಬಿಇ ಪ್ರಮಾಣಪತ್ರ ಕಳಿಸುವುದು ಹಳೆಯ ಆದಾಯ ತೆರಿಗೆ ಕಾಯ್ದೆಯ ಪದ್ಧತಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಕಲಂ, ನಮೂನೆಗಳ ಸಂಖ್ಯೆ ಬದಲಾಗುತ್ತದೆ. ಆಡಿಟರ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಪ್ಯಾನ್ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿದರೂ ದಾನಿಗೆ ವಿನಾಯಿತಿ ತಪ್ಪಬಹುದು, ಮುಂದಿನ ವರ್ಷ ಅವರ ದೇಣಿಗೆಯೂ ನಿಮಗೆ ತಪ್ಪಬಹುದು.

ಒಳಗೆ ಹೋಗುವ ಬಾಗಿಲು

ಎಂ.ಎಸ್‌.ಡಬ್ಲ್ಯು. ಇದ್ದರೆ ಅನುಕೂಲ, ಇಲ್ಲದಿದ್ದರೆ ಅಡ್ಡಿಯಿಲ್ಲ. ಬಿ.ಕಾಂ. ಮಾಡಿದವರಿಗೆ ಲೆಕ್ಕದ ಕಡೆಯಿಂದ, ಬಿ.ಎ.ಯವರಿಗೆ ಬರವಣಿಗೆಯ ಕಡೆಯಿಂದ ದಾರಿಯಿದೆ. ಮುಂದೆ ಓದುವ ಮನಸ್ಸಿದ್ದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದ ಎಂ.ಎ. ಇದೆ, ಆರ್ಥಿಕ ಸ್ಥಿತಿ ನೋಡಿ ಶುಲ್ಕದಲ್ಲಿ ನೆರವೂ ಇದೆ. ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಶಿಕ್ಷಣದಲ್ಲಿ ಹಳೆಯ ಹೆಸರು. ದೇಣಿಗೆ ಸಂಗ್ರಹವನ್ನೇ ಕಲಿಸುವ ಕಡಿಮೆ ಅವಧಿಯ ಕೋರ್ಸುಗಳನ್ನು ಐಎಲ್‌ಎಸ್‌ಎಸ್‌ನಂಥ ಸಂಸ್ಥೆಗಳು ನಡೆಸುತ್ತವೆ. ಅವು ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ ಹೆಚ್ಚು ಉಪಯೋಗ. ಖಾಲಿ ಹುದ್ದೆಗಳ ಸುದ್ದಿ ಡೆವ್‌ನೆಟ್ ಜಾಬ್ಸ್ ಇಂಡಿಯಾ, ಲಿಂಕ್ಡ್‌ಇನ್‌ಗಳಲ್ಲಿ ಬರುತ್ತದೆ.

ಕೆಲಸ ಸಿಗುವ ಮೊದಲೇ ಒಂದು ಸಣ್ಣ ಕೆಲಸ ಮಾಡಿ ತೋರಿಸಿ. ನಿಮ್ಮ ಹಳೆಯ ಶಾಲೆಗೆ ಒಂದು ಕಪಾಟು ಪುಸ್ತಕ ಬೇಕೆನ್ನಿ. ಹೆಡ್‌ಮಾಸ್ಟರ್ ಒಪ್ಪಿಗೆ, ಪುಸ್ತಕದ ಪಟ್ಟಿ, ಬೆಲೆ, ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಒಂದು ಪುಟದ ಮನವಿ, ಅಂಗಡಿಗೇ ನೇರವಾಗಿ ಹಣ ಸಂದಾಯ, ಬಿಲ್ಲಿನ ಫೋಟೋ, ಮಕ್ಕಳು ಓದಲು ಶುರು ಮಾಡಿದ ಮೇಲೆ ಕೊಟ್ಟವರಿಗೆಲ್ಲ ಒಂದು ವರದಿ. ಅಕ್ಟೋಬರ್ 2ರಿಂದ 8ರವರೆಗೆ ದೇಶದಲ್ಲಿ ದಾನ ಉತ್ಸವ ನಡೆಯುತ್ತದೆ, ಆ ವಾರ ಇಂಥದ್ದಕ್ಕೆ ಒಳ್ಳೆಯ ಸಮಯ. ಮೊತ್ತ ಹತ್ತು ಸಾವಿರವಿರಲಿ, ಆ ಕಾಗದಗಳ ಫೈಲು ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ಹೆಚ್ಚು ಮಾತಾಡುತ್ತದೆ.

ಬೆಂಗಳೂರಿನಲ್ಲಿ 'ಫಂಡ್‌ರೈಸಿಂಗ್ ಎಕ್ಸಿಕ್ಯುಟಿವ್ ಬೇಕು' ಎಂಬ ಜಾಹೀರಾತುಗಳಲ್ಲಿ ಹಲವು, ಫೋನ್ ಮಾಡಿ ಅಥವಾ ಮಾಲ್‌ಗಳ ಮುಂದೆ ನಿಂತು ತಿಂಗಳ ದೇಣಿಗೆಗೆ ಜನರನ್ನು ಒಪ್ಪಿಸುವ ಕೆಲಸ. ನೇಮಿಸುವುದು ಸಂಸ್ಥೆಯಲ್ಲ, ಮಧ್ಯದ ಏಜೆನ್ಸಿ ಆಗಿರಬಹುದು. ಟಾರ್ಗೆಟ್ ಇರುತ್ತದೆ. ಒಂದು ವರ್ಷ ಮಾಡಿದರೆ ಮುಖಕ್ಕೆ ಇಲ್ಲ ಎನ್ನಿಸಿಕೊಂಡು ಮತ್ತೆ ಕೇಳುವ ಧೈರ್ಯ ಬರುತ್ತದೆ, ಅದಕ್ಕಿಂತ ಹೆಚ್ಚು ಕಾಲ ಅಲ್ಲೇ ಉಳಿಯುವುದು ಬೇಡ ಎಂಬುದು ನನ್ನ ಸಲಹೆ. ತಂದ ಹಣದಲ್ಲಿ ಇಷ್ಟು ಪರ್ಸೆಂಟ್ ನಿಮಗೆ ಎನ್ನುವವರಿಂದ ದೂರವಿರಿ. ದೇಣಿಗೆ ವೃತ್ತಿಯವರ ಅಂತರರಾಷ್ಟ್ರೀಯ ಸಂಘಟನೆಯಾದ ಎಎಫ್‌ಪಿಯ ನೀತಿಸಂಹಿತೆ ಶೇಕಡಾವಾರು ಕಮಿಷನ್ನನ್ನು ಒಪ್ಪುವುದಿಲ್ಲ. ಶಾಲೆಗೆಂದು ಕೊಟ್ಟ ಹಣದಲ್ಲಿ ಕೇಳಿದವರ ಪಾಲಿದೆ ಎಂದು ಗೊತ್ತಾದ ದಾನಿ ಮತ್ತೆ ಬಾಗಿಲು ತೆಗೆಯುವುದಿಲ್ಲ. ಸಂಬಳ ಸಂಬಳವಾಗಿಯೇ ಬರಲಿ.

ತಾಲ್ಲೂಕು ಮಟ್ಟದ ಸಂಸ್ಥೆಗಳಲ್ಲಿ ಆರಂಭದ ಸಂಬಳ ಕಡಿಮೆ, ಅದೂ ಯೋಜನೆಯ ಅವಧಿಗೆ ಮಾತ್ರ ಇರಬಹುದು. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಅನುಭವ ಬಂದಂತೆ ಚೆನ್ನಾಗಿ ಏರುತ್ತದೆ, ಏಕೆಂದರೆ ಅರ್ಜಿ ಬರೆದು ಲೆಕ್ಕವನ್ನೂ ಒಪ್ಪಿಸಬಲ್ಲವರು ಸುಲಭವಾಗಿ ಸಿಗುವುದಿಲ್ಲ. ಸೇರುವ ಮುನ್ನ ಸಂಸ್ಥೆಯ ಹಿಂದಿನ ಮೂರು ವರ್ಷದ ಆಡಿಟ್ ವರದಿ ಕೇಳಿ ನೋಡಿ. ದರ್ಪಣ್ ಪೋರ್ಟಲಿನಲ್ಲಿ ಹೆಸರಿದೆಯೇ ನೋಡಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಇದೆಯೇ ಕೇಳಿ. ನಿಮ್ಮ ಸಂಬಳ ಯಾವ ಯೋಜನೆಯ ಹಣದಿಂದ, ಅದು ಯಾವ ತಿಂಗಳು ಮುಗಿಯುತ್ತದೆ ಎಂದೂ ಕೇಳಿ. ಹಣ ಕೇಳುವ ಕೆಲಸಕ್ಕೆ ಸೇರಲು ಬಂದವರು ಈ ಪ್ರಶ್ನೆ ಕೇಳಿದರೆ ಯಾವ ಒಳ್ಳೆಯ ಸಂಸ್ಥೆಯೂ ಬೇಸರಪಡುವುದಿಲ್ಲ. ಬೇಸರಪಟ್ಟರೆ ಸಂಜೆಯ ರೈಲಿಗೇ ವಾಪಸ್ ಬಂದು ಮುಂದಿನ ಅರ್ಜಿ ಹಾಕಿ.